‘ಪ್ರಾಜೆಕ್ಟ್ ಎಕ್ಸ್’ ಕೊನೆಗೂ ನೋಡಿದೆ, ತುಂಬಾ ಬೇಜಾರಾಯಿತು. ನಿಮಗೂ ಹೀಗೇ ಅನಿಸಿತ್ತಾ?

ಟೆಂಟ್‌ಸಿನಿಮಾ:
ನಿನ್ನೆ ರಾತ್ರಿ ಊಟ ಮುಗಿಸಿ ಕೂತು ‘ಪ್ರಾಜೆಕ್ಟ್ ಎಕ್ಸ್’ ನೋಡಿದೆ. 2012ರ ಅಮೆರಿಕದ ಸಿನಿಮಾ, 88 ನಿಮಿಷ. ನನ್ನ ಗೆಳೆಯರು ವರ್ಷಗಟ್ಟಲೆ ಹೇಳುತ್ತಲೇ ಇದ್ದರು, "ಅದನ್ನು ನೋಡಿಲ್ವಾ? ನೋಡಲೇಬೇಕು" ಅಂತ. ಅದಕ್ಕೇ ನಿರೀಕ್ಷೆ ಜಾಸ್ತಿ ಇತ್ತು.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಪಾಸಡೀನಾ. ಥಾಮಸ್ ಅನ್ನೋ ಹುಡುಗನಿಗೆ 17 ತುಂಬುತ್ತದೆ. ಅಪ್ಪ ಅಮ್ಮ ತಮ್ಮ ಮದುವೆಯ ವಾರ್ಷಿಕೋತ್ಸವ ಅಂತ ಊರಿಂದ ಹೊರಗೆ ಹೋಗುತ್ತಾರೆ. ಕೋಸ್ಟಾ, ಜೆಬಿ ಅಂತ ಇಬ್ಬರು ಗೆಳೆಯರು. ಶಾಲೆಯಲ್ಲಿ ಈ ಮೂವರನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ. ಒಂದು ಪಾರ್ಟಿ ಕೊಟ್ಟರೆ ಎಲ್ಲರೂ ಗುರುತಿಸುತ್ತಾರೆ ಅನ್ನೋದು ಕೋಸ್ಟಾನ ಲೆಕ್ಕ. 50 ಜನ ಬರಬೇಕಾದ ಕಡೆ 1,500 ಜನ ಬರುತ್ತಾರೆ. ಇದನ್ನೆಲ್ಲ ಚಿತ್ರಿಸಲು ಡ್ಯಾಕ್ಸ್ ಅನ್ನೋ ಹುಡುಗನನ್ನು ಇಟ್ಟುಕೊಂಡಿದ್ದಾರೆ. ನಾವು ನೋಡುವುದು ಅವನ ಕ್ಯಾಮೆರಾದಲ್ಲಿ ಸೆರೆಯಾದದ್ದನ್ನು.

ಮೊದಲ 20 ನಿಮಿಷ ನನಗೆ ಇಷ್ಟವಾಯಿತು. ಆ ಮೂವರು ಹುಡುಗರ ಮಾತು, ಜಗಳ, ಯಾರೂ ಬರದೇ ಹೋದರೆ ಏನು ಮಾಡೋದು ಅನ್ನೋ ಭಯ, ಎಲ್ಲ ನಿಜ ಅನಿಸಿತು. ಪಾರ್ಟಿ ಶುರುವಾದ ಮೇಲೆ ಸಿನಿಮಾ ಕಳೆದುಹೋಯಿತು. ಹಾಡು, ಕುಣಿತ, ಕುಡಿತ, ಮತ್ತೆ ಹಾಡು. ಒಬ್ಬರ ಮನಸ್ಸಿನಲ್ಲಿ ಏನಾಗುತ್ತಿದೆ ಅಂತಲೂ ಗೊತ್ತಾಗುವುದಿಲ್ಲ.

ನನಗೆ ಫೌಂಡ್ ಫೂಟೇಜ್ ಸಿನಿಮಾ, ಅಂದರೆ ಪಾತ್ರಗಳೇ ಹಿಡಿದ ಕ್ಯಾಮೆರಾದಲ್ಲಿ ಸೆರೆಯಾದದ್ದು ಅನ್ನೋ ಹಾಗೆ ತೋರಿಸುವ ಸಿನಿಮಾ, ಅಂದರೆ ಪ್ರಾಣ. ಕನ್ನಡದಲ್ಲಿ 2013ರಲ್ಲಿ ಕೆ.ಎಸ್. ಅಶೋಕ ಅವರ ‘6-5=2’ ಬಂದಾಗ ಥಿಯೇಟರ್‌ನಲ್ಲಿ ಎರಡು ಸಲ ನೋಡಿದ್ದೆ. ಅದಕ್ಕೇ ಕೇಳುತ್ತಿದ್ದೇನೆ: ಈ ರೀತಿಯೇ ಕಾಮಿಡಿಗೆ ಒಗ್ಗುವುದಿಲ್ಲವಾ, ಇಲ್ಲಾ ಈ ಸಿನಿಮಾ ಒಂದೇ ಎಡವಿದೆಯಾ?

ಕಾಫಿತೋಟ:
ತಪ್ಪು ನಿಮ್ಮದೇ ಗುರು. ಒಬ್ಬರೇ ಕೂತು ನೋಡುವ ಸಿನಿಮಾ ಅಲ್ಲ ಅದು. ನಾವು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಹಾಸ್ಟೆಲ್ ರೂಮಿನಲ್ಲಿ ಹನ್ನೊಂದು ಜನ ಒಂದು ಲ್ಯಾಪ್‌ಟಾಪ್ ಮುಂದೆ ಕೂತು ನೋಡಿದೆವು. ಮಂಚದ ಮೇಲೆ ಆರು, ನೆಲದ ಮೇಲೆ ನಾಲ್ಕು, ಕಿಟಕಿಯ ಕಟ್ಟೆ ಮೇಲೆ ಒಬ್ಬ. ಕಾರು ಈಜುಕೊಳಕ್ಕೆ ಬಿದ್ದಾಗ ಪಕ್ಕದ ರೂಮಿನವರು ಬಾಗಿಲು ತಟ್ಟಿದರು, ಅಷ್ಟು ಕೂಗಿದ್ದೆವು. ಅವತ್ತು ಅದಕ್ಕಿಂತ ಒಳ್ಳೇ ಸಿನಿಮಾ ಇರಲಿಲ್ಲ.

ಬಯಲುಸೀಮೆ:
+1. ವಯಸ್ಸಿಗೆ ತಕ್ಕ ಸಿನಿಮಾ ಅದು.

ಟೆಂಟ್‌ಸಿನಿಮಾ:
@ಕಾಫಿತೋಟ ಒಪ್ಪುತ್ತೇನೆ, ಆದರೆ ಅದು ನಿಮ್ಮ ಹನ್ನೊಂದು ಜನರ ಖುಷಿ. ಆ ರೂಮಿನಲ್ಲಿ ಯಾವ ಸಿನಿಮಾ ಹಾಕಿದ್ದರೂ ನೀವು ಅಷ್ಟೇ ಕೂಗುತ್ತಿದ್ದಿರಿ, ಅಲ್ವಾ?

ಕಾಫಿತೋಟ:
ಇಲ್ಲ. ಅದೇ ವಾರ ಬೇರೆ ನಾಲ್ಕು ಸಿನಿಮಾ ಹಾಕಿದ್ದೆವು. ಅರ್ಧಕ್ಕೇ ಎದ್ದು ಹೋದರು.

ಇರುಳುಗಣ್ಣು:
ಟಾಡ್ ಫಿಲಿಪ್ಸ್ ಸಿನಿಮಾ ಅಂದ ಮೇಲೆ ಇನ್ನೇನು ನಿರೀಕ್ಷೆ ಮಾಡಿದ್ರಿ? ‘ಹ್ಯಾಂಗೋವರ್’ ಮಾಡಿದವರು. ಅದನ್ನೇ ಚಿಕ್ಕ ಹುಡುಗರಿಗೆ ಮಾಡಿದ್ದಾರೆ.

ರೀಲುಡಬ್ಬಿ:
ತಿದ್ದುಪಡಿ. ಟಾಡ್ ಫಿಲಿಪ್ಸ್ ಇದಕ್ಕೆ ನಿರ್ಮಾಪಕ ಮಾತ್ರ. ನಿರ್ದೇಶಕರು ನೀಮಾ ನೂರಿಜಾದೆ. ಅವರಿಗೆ ಇದು ಮೊದಲ ಸಿನಿಮಾ, ಅದಕ್ಕೂ ಮುಂಚೆ ಮ್ಯೂಸಿಕ್ ವಿಡಿಯೋ ಮತ್ತು ಜಾಹೀರಾತು ಮಾಡುತ್ತಿದ್ದರು. ಕಥೆ ಮೈಕಲ್ ಬಕಾಲ್ ಅವರದು, ಚಿತ್ರಕಥೆಯಲ್ಲಿ ಮ್ಯಾಟ್ ಡ್ರೇಕ್ ಜೊತೆಯಾದರು. ಇದೇ ಬಕಾಲ್ ಬರೆದ ‘21 ಜಂಪ್ ಸ್ಟ್ರೀಟ್’ ಅದೇ ತಿಂಗಳು, ಅಂದರೆ 2012ರ ಮಾರ್ಚ್‌ನಲ್ಲೇ ಬಂತು. ಅಲ್ಲೂ ಮನೆಯಲ್ಲಿ ಹದಿಹರೆಯದವರ ಪಾರ್ಟಿ ಇದೆ. ಆದರೆ ಅಲ್ಲಿ ನಗು ಬರುವುದು ವಿದ್ಯಾರ್ಥಿಗಳ ವೇಷದಲ್ಲಿರುವ ಇಬ್ಬರು ಪೊಲೀಸರ ಸ್ನೇಹದಿಂದ. ಒಬ್ಬರದೇ ಕೈ, ಒಂದೇ ತಿಂಗಳು, ಎಷ್ಟು ವ್ಯತ್ಯಾಸ ನೋಡಿ.

ಎಡಿಟಿಂಗ್‌ಟೇಬಲ್:
ನಾನು ಸಂಕಲನದ ಕೆಲಸ ಮಾಡುವವನು. ಮೂಲ ಪ್ರಶ್ನೆಗೆ ಉತ್ತರ ಕೊಡಲು ನೋಡುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಕಾಮಿಡಿಯಲ್ಲಿ ನಗು ಹುಟ್ಟುವುದು ಹೆಚ್ಚಾಗಿ ಎರಡನೇ ಶಾಟ್‌ನಲ್ಲಿ. ಒಬ್ಬ ಏನೋ ಹೇಳುತ್ತಾನೆ, ಅದನ್ನು ಕೇಳಿದವನ ಮುಖ ತೋರಿಸುತ್ತೇವೆ, ಆಗ ಜನ ನಗುತ್ತಾರೆ. ಆ ಮುಖ ಅರ್ಧ ಸೆಕೆಂಡ್ ಬೇಗ ಬಂದರೂ, ತಡವಾಗಿ ಬಂದರೂ ನಗು ಸತ್ತುಹೋಗುತ್ತದೆ. ಫೌಂಡ್ ಫೂಟೇಜ್‌ನಲ್ಲಿ ಒಂದೇ ಕ್ಯಾಮೆರಾ. ಆ ಮುಖ ತೋರಿಸಬೇಕಾದರೆ ಕ್ಯಾಮೆರಾ ಹಿಡಿದವನೇ ತಿರುಗಬೇಕು. ಅವನು ತಿರುಗುವುದರಲ್ಲೇ ನಗು ಇರಬೇಕು. ಅಂದರೆ ಅವನು ಯಾರು, ಅವನಿಗೆ ಏನು ನೋಡಲು ಆಸೆ, ಯಾವುದನ್ನು ಕಂಡರೆ ಭಯ, ಇದು ನಮಗೆ ಗೊತ್ತಿರಬೇಕು.

ಇಲ್ಲಿ ಡ್ಯಾಕ್ಸ್ ಯಾರು? ಕಪ್ಪು ಬಟ್ಟೆ ಹಾಕಿದ, ಮಾತು ಕಡಿಮೆ ಇರುವ ಹುಡುಗ. ಅಷ್ಟೇ. ಅವನ ಬಗ್ಗೆ ಇನ್ನೊಂದು ಮಾತು ನನಗೆ ನೆನಪಿಲ್ಲ. ಹಾಗಾಗಿ ನಿರ್ದೇಶಕರಿಗೆ ಆ ಒಂದು ಕ್ಯಾಮೆರಾ ಸಾಲಲಿಲ್ಲ. ಪಾರ್ಟಿಗೆ ಬಂದವರ ಮೊಬೈಲ್‌ನಲ್ಲಿ ತೆಗೆದದ್ದು, ಟೀವಿ ಸುದ್ದಿಯವರ ಹೆಲಿಕಾಪ್ಟರ್‌ನಿಂದ ತೆಗೆದದ್ದು ಎಲ್ಲವನ್ನೂ ಸೇರಿಸಿಕೊಂಡರು. ಸೇರಿಸಿದ್ದು ತಪ್ಪಲ್ಲ. ಆದರೆ ಅಲ್ಲಿಗೆ ಅದು ಬೇಕಾದ ಕಡೆಯೆಲ್ಲ ಕ್ಯಾಮೆರಾ ಇಟ್ಟುಕೊಂಡ ಮಾಮೂಲಿ ಸಿನಿಮಾ ಆಯಿತು. ಕೈಯಲ್ಲಿ ಹಿಡಿದ ಕ್ಯಾಮೆರಾದ ಕಷ್ಟವನ್ನು ಬಿಟ್ಟುಬಿಟ್ಟರು, ಅಲುಗಾಟ ಮಾತ್ರ ಉಳಿಸಿಕೊಂಡರು.

ಇನ್ನೊಂದು ವಿಷಯ ಹಾಡು. ಇನ್ನೊಮ್ಮೆ ನೋಡಿದರೆ ಗಮನ ಇಟ್ಟು ಕೇಳಿ. ಒಂದು ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಹಿಂದೆ ಕೇಳುವ ಹಾಡೂ ತುಂಡಾಗಬೇಕು. ನಿಮ್ಮ ಮೊಬೈಲ್‌ನ ಎರಡು ಕ್ಲಿಪ್ ಜೋಡಿಸಿ ನೋಡಿ, ಹಾಡು ಎಲ್ಲೋ ಇದ್ದದ್ದು ಇನ್ನೆಲ್ಲಿಗೋ ಹಾರುತ್ತದೆ. ಇಲ್ಲಿ ಹತ್ತಾರು ಶಾಟ್ ಬದಲಾದರೂ ಹಾಡು ಒಂದೇ ಸಮನೆ ಹರಿಯುತ್ತದೆ. ಆ ಕ್ಷಣಕ್ಕೆ ನಾವು ಥಾಮಸ್ ಮನೆಯಲ್ಲಿ ಇಲ್ಲ, ಮ್ಯೂಸಿಕ್ ವಿಡಿಯೋ ಒಳಗೆ ಇದ್ದೇವೆ. ಟೆಂಟ್‌ಸಿನಿಮಾ ಅವರಿಗೆ "ಸಿನಿಮಾ ಕಳೆದುಹೋಯಿತು" ಅನಿಸಿದ್ದು ಇದೇ ಜಾಗದಲ್ಲಿ ಅಂತ ನನ್ನ ಅನಿಸಿಕೆ.

ಟೆಂಟ್‌ಸಿನಿಮಾ:
ಹೌದು! ಅದೇ ಜಾಗ. ನನಗೆ ಕಾರಣ ಗೊತ್ತಾಗಿರಲಿಲ್ಲ. ಹಾಡಿನ ವಿಷಯ ಹೊಳೆದೇ ಇರಲಿಲ್ಲ.

ಇರುಳುಗಣ್ಣು:
ಇಷ್ಟೆಲ್ಲ ಯೋಚನೆ ಮಾಡಿ ಯಾರು ಪಾರ್ಟಿ ಸಿನಿಮಾ ನೋಡ್ತಾರೆ ಸರ್?

ಎಡಿಟಿಂಗ್‌ಟೇಬಲ್:
ನೋಡುವವರು ಯೋಚಿಸಬೇಕಿಲ್ಲ. ಮಾಡುವವರು ಯೋಚಿಸಬೇಕು.

ಲೆಕ್ಕಪತ್ರ:
ಎಲ್ಲರೂ ಬೈಯುತ್ತಿದ್ದೀರಿ. ಖರ್ಚು ಸುಮಾರು 12 ಮಿಲಿಯನ್ ಡಾಲರ್, ಗಳಿಕೆ 100 ಮಿಲಿಯನ್ ದಾಟಿದೆ. ದೊಡ್ಡ ನಟರಿಲ್ಲ, ಹೊಸ ಹುಡುಗರು. ಜನ ಮೆಚ್ಚದೇ ಅಷ್ಟು ದುಡ್ಡು ಬರುತ್ತಾ?

ರೀಲುಡಬ್ಬಿ:
ದುಡ್ಡು ಬಂದದ್ದು ನಿಜ. ಆದರೆ ಜನ ದುಡ್ಡು ಕೊಟ್ಟದ್ದು ಟ್ರೈಲರ್ ನೋಡಿ. ಟ್ರೈಲರ್ ಬಹಳ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಎರಡೂವರೆ ನಿಮಿಷಕ್ಕೆ ಆಗುವಷ್ಟು ಸರಕನ್ನು 88 ನಿಮಿಷಕ್ಕೆ ಎಳೆದರು ಅನ್ನೋದೇ ದೂರು.

ಹೊಸ ಮುಖಗಳ ಮಾತು ಬಂತು ಅಂತ ಹೇಳುತ್ತೇನೆ. ಇದರಲ್ಲಿ ಮೈಲ್ಸ್ ಟೆಲ್ಲರ್ ಕೂಡ ಇದ್ದಾರೆ, ಎರಡು ವರ್ಷ ಕಳೆದು 2014ರಲ್ಲಿ ‘ವಿಪ್‌ಲ್ಯಾಶ್’ ಮಾಡಿದವರು. ಥಾಮಸ್ ಪಾತ್ರದ ಥಾಮಸ್ ಮಾನ್ ಕೂಡ ಒಳ್ಳೆಯ ನಟ. ‘ಮಿ ಅಂಡ್ ಅರ್ಲ್ ಅಂಡ್ ದ ಡೈಯಿಂಗ್ ಗರ್ಲ್’ (2015) ನೋಡಿ. ಈ ಹುಡುಗನ ಮುಖದಲ್ಲಿ ಎಷ್ಟೊಂದು ಇತ್ತು, ಇಲ್ಲಿ ಅದನ್ನು ಬಳಸಿಕೊಳ್ಳಲೇ ಇಲ್ಲವಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಸಂಜೆಮಲ್ಲಿಗೆ:
ನಾನು ಬೇರೆ ವಿಷಯ ಹೇಳಬೇಕು. ಇಲ್ಲಿವರೆಗೂ ಯಾರೂ ಎತ್ತಿಲ್ಲ.

ಈ ಸಿನಿಮಾದಲ್ಲಿ ಹುಡುಗಿಯರಿಗೆ ಮಾತೇ ಇಲ್ಲ. ಕರ್ಬಿ ಅಂತ ಒಬ್ಬಳು, ಥಾಮಸ್‌ನ ಬಾಲ್ಯದ ಗೆಳತಿ. ಅವಳಿಗೆ ಸ್ವಲ್ಪ ಮಾತಿದೆ, ಉಳಿದವರಿಗೆ ಅದೂ ಇಲ್ಲ. ಅವರು ಮೈ ಮಾತ್ರ. ಕ್ಯಾಮೆರಾ ಅವರ ಮುಖದ ಮೇಲೆ ನಿಲ್ಲುವುದೇ ಇಲ್ಲ. ಈಜುಕೊಳದ ಹತ್ತಿರದ ದೃಶ್ಯಗಳಲ್ಲಿ ನಾನು ಮುಂದಕ್ಕೆ ಓಡಿಸಿ ನೋಡಿದೆ, ನೋಡಲು ಆಗಲಿಲ್ಲ.

"ಆ ವಯಸ್ಸಿನ ಹುಡುಗರು ಹಾಗೇ ಅಲ್ವಾ, ಅದನ್ನೇ ತೋರಿಸಿದ್ದಾರೆ" ಅನ್ನುತ್ತೀರಿ, ಗೊತ್ತು. ಆದರೆ ಅದೇ ರೀತಿಯ ಕ್ಯಾಮೆರಾ ಇಟ್ಟುಕೊಂಡು ದಿಬಾಕರ್ ಬ್ಯಾನರ್ಜಿ 2010ರಲ್ಲೇ ‘ಲವ್ ಸೆಕ್ಸ್ ಔರ್ ಧೋಖಾ’ ಮಾಡಿದ್ದರು. ಅಲ್ಲಿ ಎರಡನೇ ಕಥೆ ಒಂದು ಅಂಗಡಿಯ ಸಿಸಿಟಿವಿಯಲ್ಲಿ ನಡೆಯುತ್ತದೆ. ಹುಡುಗಿಯನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಅಂದರೆ ಏನು, ಅದರಿಂದ ಯಾರಿಗೆ ಲಾಭ, ಅವಳಿಗೆ ಏನಾಗುತ್ತದೆ ಅಂತ ಆ ಸಿನಿಮಾ ಕೇಳುತ್ತದೆ. ನೋಡುತ್ತಾ ನೋಡುತ್ತಾ ನನಗೆ ಕೈ ತಣ್ಣಗಾಗಿತ್ತು. ಎರಡು ವರ್ಷ ಆದಮೇಲೆ ಹಾಲಿವುಡ್‌ನ ದೊಡ್ಡ ಕಂಪನಿ ಅದೇ ಉಪಾಯ ಹಿಡಿದು ಆ ಪ್ರಶ್ನೆಯನ್ನು ಒಂದು ಸಲವೂ ಕೇಳಲಿಲ್ಲ. ನನಗೆ ಬೇಜಾರಾಗಿದ್ದು ಇದಕ್ಕೆ.

ಬಯಲುಸೀಮೆ:
ಕಾಮಿಡಿಯಲ್ಲೂ ಅದನ್ನೇ ಹುಡುಕಬೇಕಾ ಮೇಡಂ?

ಸಂಜೆಮಲ್ಲಿಗೆ:
ಹುಡುಕಲಿಲ್ಲ. ಕಣ್ಣಿಗೆ ಬಿತ್ತು. ‘ಸೂಪರ್‌ಬ್ಯಾಡ್’ (2007) ಕೂಡ ಇದೇ ವಯಸ್ಸಿನ ಹುಡುಗರ ಕಥೆ, ಮಾತು ಇದಕ್ಕಿಂತ ಪೋಲಿ. ಆದರೂ ಅಲ್ಲಿನ ಹುಡುಗಿಯರು ಮನುಷ್ಯರ ಹಾಗೆ ಇದ್ದಾರೆ. ಕುಡಿದು ಬಂದ ಹುಡುಗನಿಗೆ ಆ ಹುಡುಗಿ "ನಾನು ಕುಡಿಯುವುದೇ ಇಲ್ಲ" ಅನ್ನುವ ಜಾಗ ಇದೆಯಲ್ಲ, ಅಲ್ಲಿ ನಾನು ಮನಸಾರೆ ನಕ್ಕಿದ್ದೇನೆ.

ಕಾಫಿತೋಟ:
ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಅಕ್ಕ. ನಮ್ಮ ಆ ರೂಮಿನಲ್ಲಿ ಹನ್ನೊಂದೂ ಜನ ಹುಡುಗರೇ ಇದ್ದೆವು.

ಮೂಲೆಸೀಟು:
ಫೌಂಡ್ ಫೂಟೇಜ್ ಶುರುವಾಗಿದ್ದೇ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯಿಂದ. ಅದು ದೆವ್ವಕ್ಕೆ ಅಂತ ಹುಟ್ಟಿದ್ದು, ನಗಿಸೋಕೆ ಅಲ್ಲ.

ರೀಲುಡಬ್ಬಿ:
ಅದಕ್ಕೂ ಮುಂಚೆ 1999ರಲ್ಲಿ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಬಂದು ಜಗತ್ತನ್ನೇ ನಡುಗಿಸಿತ್ತು. ಅದಕ್ಕೂ ಮುಂಚೆ 1980ರಲ್ಲೇ ಇಟಲಿಯ ‘ಕ್ಯಾನಿಬಲ್ ಹೋಲೋಕಾಸ್ಟ್’ ಇದೆ. ಆದರೆ ನೀವು ಹೇಳಿದ್ದರಲ್ಲಿ ಒಂದು ಸತ್ಯ ಇದೆ. ದೆವ್ವದ ಸಿನಿಮಾದಲ್ಲಿ ಕ್ಯಾಮೆರಾಗೆ ಕಾಣದೇ ಇರುವುದೇ ಭಯ. ಕತ್ತಲಲ್ಲಿ ಏನೋ ಸದ್ದು, ಕ್ಯಾಮೆರಾ ಆ ಕಡೆ ತಿರುಗುವಷ್ಟರಲ್ಲಿ ಇಲ್ಲ. ‘6-5=2’ರಲ್ಲೂ ಅದೇ ತಂತ್ರ. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕಿದ್ದು ಅಂತ ನಂಬಿಸಿದರು, ನಂಬಿದವರೂ ಬಹಳ ಜನ. ನಗಿಸಬೇಕಾದರೆ ಮಾತ್ರ ಕಾಣಲೇಬೇಕು.

ಗ್ರೋನಿಂಗನ್‌ಕನ್ನಡ:
ನಾನು ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಇರುವುದು. ಇಲ್ಲಿಂದ ಸೈಕಲ್‌ನಲ್ಲಿ ಸ್ವಲ್ಪ ದೂರ ಹೋದರೆ ಹಾರೆನ್ ಅನ್ನೋ ಊರು. ತಣ್ಣನೆಯ ಜಾಗ. ದೊಡ್ಡ ಮರಗಳು, ಇಟ್ಟಿಗೆ ಮನೆಗಳು, ಸಂಜೆ ಆರಕ್ಕೆಲ್ಲ ಅಂಗಡಿ ಬಾಗಿಲು.

2012ರ ಸೆಪ್ಟೆಂಬರ್ 21ರಂದು ಆ ಊರಲ್ಲಿ ಗಲಭೆ ಆಯಿತು. ಹುಡುಗಿಯೊಬ್ಬಳು ತನ್ನ 16ನೇ ಹುಟ್ಟುಹಬ್ಬಕ್ಕೆ ಫೇಸ್‌ಬುಕ್‌ನಲ್ಲಿ ಕರೆ ಹಾಕಿದಳು. ಗೆಳೆಯರಿಗೆ ಮಾತ್ರ ಅಂತ ಮಾಡುವುದು ಬಿಟ್ಟು ಎಲ್ಲರಿಗೂ ಕಾಣುವ ಹಾಗೆ ಹಾಕಿಬಿಟ್ಟಿದ್ದಳು. ಅವಳು ತೆಗೆದುಹಾಕಿದರೂ ಬೇರೆಯವರು ಮತ್ತೆ ಹಾಕಿದರು. "ಪ್ರಾಜೆಕ್ಟ್ ಎಕ್ಸ್ ಹಾರೆನ್" ಅಂತ ಹೆಸರಿಟ್ಟರು, ಈ ಸಿನಿಮಾದಿಂದಲೇ. ಆ ಹೆಸರಿನ ಟೀ ಶರ್ಟ್ ಹಾಕಿಕೊಂಡು ಬಂದವರೂ ಇದ್ದರು. ಸಾವಿರಾರು ಜನ ಸೇರಿದರು. ಕಲ್ಲು ತೂರಾಟ, ಅಂಗಡಿ ಲೂಟಿ, ಬೆಂಕಿ, ಗಾಯಾಳುಗಳು. ಹುಡುಗಿಯ ಮನೆಯವರು ಊರನ್ನೇ ಬಿಟ್ಟು ಬೇರೆ ಕಡೆ ಹೋಗಿದ್ದರು. ಆಮೇಲೆ ಯೋಬ್ ಕೋಹೆನ್ ಅವರ ನೇತೃತ್ವದಲ್ಲಿ ತನಿಖಾ ಸಮಿತಿ ಕೂತಿತು. 2013ರ ಮಾರ್ಚ್‌ನಲ್ಲಿ ವರದಿ ಬಂತು, ಮೇಯರ್ ರಾಜೀನಾಮೆ ಕೊಟ್ಟರು.

ನಾನು ಇಲ್ಲಿಗೆ ಬಂದಿದ್ದು ತುಂಬಾ ವರ್ಷ ಆದಮೇಲೆ. ಆದರೆ ನನ್ನ ಮೊದಲ ಮನೆಯ ಮಾಲೀಕರಾದ ಅಜ್ಜಿ ಹಾರೆನ್‌ನವರೇ. ಅವತ್ತು ರಾತ್ರಿ ಪರದೆ ಎಳೆದುಕೊಂಡು, ದೀಪ ಆರಿಸಿ, ಮೆಟ್ಟಿಲ ಮೇಲೆ ಕೂತಿದ್ದರಂತೆ. ಬೆಳಿಗ್ಗೆ ಹೊರಗೆ ಬಂದರೆ ಹೂವಿನ ಕುಂಡ ಒಡೆದು ಮಣ್ಣು ಬಾಗಿಲವರೆಗೂ ಚೆಲ್ಲಿತ್ತಂತೆ. "ಆ ಹುಡುಗರಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಸುಮ್ನೆ ಬಂದಿದ್ದರು" ಅಂತ ಹೇಳುವಾಗ ಅವರ ದನಿ ಬದಲಾಗುತ್ತಿತ್ತು.

ಸಿನಿಮಾದಲ್ಲಿ ಪಕ್ಕದ ಮನೆಯವನು ಬಂದು ನಿಲ್ಲಿಸಿ ಅನ್ನುತ್ತಾನೆ. ಅವನಿಗೆ ಟೇಸರ್‌ನಿಂದ ಕರೆಂಟ್ ಹೊಡೆಸುತ್ತಾರೆ, ಅದು ನಗುವ ಜಾಗ. ಆ ಅಜ್ಜಿಯ ಮಾತು ಕೇಳಿದ ಮೇಲೆ ನನಗೆ ಅಲ್ಲಿ ನಗು ಬರಲಿಲ್ಲ.

ಇರುಳುಗಣ್ಣು:
ಇದಕ್ಕೆ ಸಿನಿಮಾ ಹೊಣೆ ಹೇಗಾಗುತ್ತೆ? ರೌಡಿ ಸಿನಿಮಾ ನೋಡಿ ಎಲ್ಲರೂ ಮಚ್ಚು ಹಿಡಿತಾರಾ? ಇಂಥ ಪಾರ್ಟಿ ಸಿನಿಮಾಗಿಂತ ಮುಂಚೆಯೂ ಆಗಿದೆ. 2008ರಲ್ಲಿ ಮೆಲ್ಬರ್ನ್‌ನಲ್ಲಿ 16 ವರ್ಷದ ಹುಡುಗ ಅಪ್ಪ ಅಮ್ಮ ಇಲ್ಲದಾಗ ಪಾರ್ಟಿ ಕೊಟ್ಟು ಸುಮಾರು 500 ಜನ ಬಂದಿದ್ದರು. ಪೊಲೀಸರು ಹೆಲಿಕಾಪ್ಟರ್, ನಾಯಿಗಳ ಜೊತೆ ಬಂದಿದ್ದರು.

ಗ್ರೋನಿಂಗನ್‌ಕನ್ನಡ:
ಸಿನಿಮಾವನ್ನು ಜೈಲಿಗೆ ಹಾಕಿ ಅಂತ ನಾನು ಹೇಳಿಲ್ಲ. ಹೆಸರು ಅಲ್ಲಿಂದ ಬಂತು, ಅದು ಎಲ್ಲರಿಗೂ ಗೊತ್ತಿರುವ ವಿಷಯ. ನನ್ನ ತಕರಾರು ಒಂದೇ. ಬೀದಿ ಹೊತ್ತಿ ಉರಿದ ಮೇಲೆ ಆ ಬೀದಿಯವರು ಒಬ್ಬರೂ ಸಿನಿಮಾದ ಕಣ್ಣಿಗೆ ಬೀಳುವುದಿಲ್ಲ.

ಟೆಂಟ್‌ಸಿನಿಮಾ:
ಕೊನೆಯಲ್ಲಿ ಅಪ್ಪನ ದೃಶ್ಯ ಇನ್ನೂ ನುಂಗೋಕೆ ಆಗಲಿಲ್ಲ. ಮನೆ ಸುಟ್ಟಿದೆ, ಕಾರು ನೀರಲ್ಲಿದೆ, ಮಗನ ಕಾಲೇಜಿಗೆ ಕೂಡಿಟ್ಟ ಹಣವನ್ನೇ ನಷ್ಟಕ್ಕೆ ಕೊಡಬೇಕು. ಅಪ್ಪ ಮೊದಲು ಸಿಟ್ಟಾಗುತ್ತಾನೆ. ಆಮೇಲೆ ಎಷ್ಟು ಜನ ಬಂದಿದ್ದರು ಅಂತ ಕೇಳುತ್ತಾನೆ, ಒಳಗೊಳಗೇ ಹೆಮ್ಮೆ. ನಮ್ಮ ಹುಡುಗನೂ ಏನೋ ಮಾಡಿದ ಅಂತ.

ಕಾಫಿತೋಟ:
ಅದು ನನಗೆ ಇಷ್ಟದ ದೃಶ್ಯ ಗುರು. ಶುರುವಿನಲ್ಲಿ ಅದೇ ಅಪ್ಪ, ಇವನಿಗೆ ಅಷ್ಟೊಂದು ಸ್ನೇಹಿತರು ಎಲ್ಲಿದ್ದಾರೆ ಅನ್ನೋ ಹಾಗೆ ಇರುತ್ತಾನಲ್ಲ. ಅದಕ್ಕೆ ಸರಿ ಹೋಗುತ್ತೆ.

ಅಪ್ಪೆಮಿಡಿ:
ಅಪ್ಪನ ವಿಷಯ ಬಂದಿದ್ದಕ್ಕೆ ನಮ್ಮನೆ ಕಥೆ ಹೇಳಬೇಕು ಅನಿಸಿತು. ನಮ್ಮದು ಸಾಗರದ ಕಡೆ.

ನಾನು ಪಿಯುಸಿ ಎರಡನೇ ವರ್ಷ. ಅಪ್ಪ ಅಮ್ಮ ಎರಡು ದಿನ ಧರ್ಮಸ್ಥಳಕ್ಕೆ ಹೋಗಿದ್ದರು. ಅಜ್ಜಿ ಚಿಕ್ಕಪ್ಪನ ಮನೆಯಲ್ಲಿ. ಪರೀಕ್ಷೆ ಮುಗಿದಿತ್ತು, ಹತ್ತು ಹನ್ನೆರಡು ಜನ ಬನ್ನಿ, ಪಲಾವ್ ಮಾಡೋಣ, ಟೀವಿಯಲ್ಲಿ ಮ್ಯಾಚ್ ನೋಡೋಣ ಅಂತ ಕರೆದಿದ್ದೆ. ಬಂದವರು ನಲವತ್ತು ಜನ. ಒಬ್ಬ ಇನ್ನೊಬ್ಬನನ್ನು ಕರೆದ, ಅವನು ಅವನ ಅಣ್ಣನನ್ನು ಕರೆದ. ಯಾರೋ ಬಿಯರ್ ತಂದರು. ನಮ್ಮ ಮನೆಯಲ್ಲಿ ಅವತ್ತಿನವರೆಗೂ ಅದರ ಬಾಟಲಿ ಹೊಸ್ತಿಲು ದಾಟಿರಲಿಲ್ಲ. ಹೊರಗೆ ಹೋಗಿ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ.

ಅಡುಗೆಮನೆಯ ಪಕ್ಕ ಉಗ್ರಾಣ. ಅಲ್ಲಿ ಅಮ್ಮನ ದೊಡ್ಡ ಉಪ್ಪಿನಕಾಯಿ ಭರಣಿ, ಕಂದು ಬಿಳಿ ಬಣ್ಣದ್ದು, ಬಾಯಿಗೆ ಬಟ್ಟೆ ಕಟ್ಟಿ ದಾರ ಸುತ್ತಿದ್ದು. ಆ ವರ್ಷದ ಅಪ್ಪೆಮಿಡಿ ಹಾಕಿ ಇಪ್ಪತ್ತು ದಿನ ಆಗಿತ್ತು ಅಷ್ಟೇ. ಯಾರೋ ಕತ್ತಲಲ್ಲಿ ಸ್ವಿಚ್ ಹುಡುಕುತ್ತಾ ಎಡವಿದ. ಆ ಸದ್ದು ನನಗೆ ಈಗಲೂ ಕೇಳುತ್ತದೆ, ಜೋರಾಗಿ ಇರಲಿಲ್ಲ, ತೆಂಗಿನಕಾಯಿ ಒಡೆದ ಹಾಗೆ. ಕೆಂಪು ರಸ ಹರಿದು ಅಕ್ಕಿ ಮೂಟೆಯ ಬುಡಕ್ಕೆ ಹೋಯಿತು. ಮಿಡಿಗಳು ಮಂಚದ ಕೆಳಗೆಲ್ಲ ಉರುಳಿದವು. ಐದು ನಿಮಿಷದಲ್ಲಿ ಮನೆ ಖಾಲಿ.

ಮಾರನೇ ದಿನ ಸಂಜೆ ಅಪ್ಪ ಬಂದರು. ನಾನು ಒರೆಸಿದ್ದೆ, ಆದರೆ ಕೆಂಪು ನೆಲದ ಮೇಲೆ ಎಣ್ಣೆ ಕಲೆ ಹೋಗಿರಲಿಲ್ಲ, ಇಡೀ ಮನೆ ಇಂಗು ಸಾಸಿವೆ ವಾಸನೆ. ಅಪ್ಪ ಬೈಯಲಿಲ್ಲ. ಎಷ್ಟು ಜನ ಬಂದಿದ್ದರು ಅಂತಲೂ ಕೇಳಲಿಲ್ಲ. ಸೀಗೆಪುಡಿ ತಂದು ನನ್ನ ಪಕ್ಕ ಕೂತು ತಿಕ್ಕಿದರು. ಅಮ್ಮ ಆ ವರ್ಷ ಊಟಕ್ಕೆ ಕೂತಾಗೆಲ್ಲ ಒಂದು ಸಲ ಉಗ್ರಾಣದ ಕಡೆ ನೋಡುತ್ತಿದ್ದರು.

ಅದಕ್ಕೇ ಸಿನಿಮಾದ ಆ ಅಪ್ಪನನ್ನು ನನಗೆ ನಂಬಲು ಆಗಲಿಲ್ಲ.

ಸಂಜೆಮಲ್ಲಿಗೆ:
ಓದಿ ಕಣ್ಣು ತುಂಬಿತು. ಮಿಡಿ ಹಾಕುವ ಕಷ್ಟ ಹಾಕಿದವರಿಗೇ ಗೊತ್ತು.

ಬಯಲುಸೀಮೆ:
ಸೀಗೆಪುಡಿಯಲ್ಲಿ ಎಣ್ಣೆ ಕಲೆ ಹೋಗುತ್ತಾ?

ಅಪ್ಪೆಮಿಡಿ:
ಹೋಗುತ್ತೆ, ಬಿಸಿನೀರು ಹಾಕಿ ತಿಕ್ಕಬೇಕು. ಎಣ್ಣೆ ಪಾತ್ರೆಗೂ ಅದನ್ನೇ ಬಳಸುತ್ತಾರೆ.

ಮೂಲೆಸೀಟು:
ನಮ್ಮ ಕಡೆ ಅಂಟುವಾಳ ಹಾಕ್ತಾರೆ. ಅದೂ ಒಳ್ಳೆಯದು.

ಮಂಗಳವಾದ್ಯ:
ಎಡಿಟಿಂಗ್‌ಟೇಬಲ್ ಸರ್ ಹಾಡು ತುಂಡಾಗುವ ಮಾತು ಹೇಳಿದರಲ್ಲ, ಅದು ನಮ್ಮ ದಿನದ ಕೆಲಸ. ನಾನು 22 ವರ್ಷದಿಂದ ಮದುವೆ ವಿಡಿಯೋ ತೆಗೆಯುತ್ತಿದ್ದೇನೆ, ಹಾಸನದ ಕಡೆ.

ಮುಹೂರ್ತದಲ್ಲಿ ಓಲಗದವರು ಊದುತ್ತಿರುತ್ತಾರೆ. ನಾವು ಒಂದು ಶಾಟ್ ನಿಲ್ಲಿಸಿ ಇನ್ನೊಂದು ತೆಗೆದರೆ ಗಟ್ಟಿಮೇಳ ಅರ್ಧಕ್ಕೆ ಕಡಿದು ಇನ್ನೆಲ್ಲಿಂದಲೋ ಶುರುವಾಗುತ್ತೆ. ಅದಕ್ಕೇ ಮೇಲೆ ಒಂದು ಸಿನಿಮಾ ಹಾಡು ಹಾಕಿ ಮುಚ್ಚುತ್ತೇವೆ. ಮನೆಯವರಿಗೆ ಅದು ಚಂದ. ಆದರೆ ಹಾಡು ಹಾಕದ ಮೂಲ ಟೇಪ್ ನೋಡಿದರೆ ಅದರಲ್ಲೇ ಜೀವ ಇರುತ್ತದೆ. ಯಾರೋ "ತುಪ್ಪ ಎಲ್ಲಿಟ್ರಿ" ಅಂತ ಕೂಗುವುದು, ಪುರೋಹಿತರು ಮೈಕ್ ಸರಿಸಿ ಕೆಮ್ಮುವುದು, ಮಗು ಅಳುವುದು.

ನನ್ನ ಹತ್ತಿರ ಒಂದು ಹಳೇ ಮಿನಿ ಡಿವಿ ಟೇಪ್ ಇದೆ. ಆರತಕ್ಷತೆಯ ರಾತ್ರಿ, ಹುಡುಗನ ಗೆಳೆಯರು ಕುಣಿಯುತ್ತಿದ್ದರು. ನನ್ನ ಜೊತೆ ಲೈಟ್ ಹಿಡಿಯಲು ಹೊಸ ಹುಡುಗ ಬಂದಿದ್ದ, ಹದಿನಾರೋ ಹದಿನೇಳೋ ವಯಸ್ಸು. ನಾನು ಊಟಕ್ಕೆ ಹೋಗುವಾಗ ಕ್ಯಾಮೆರಾ ಅವನ ಕೈಗೆ ಕೊಟ್ಟೆ. ಆಮೇಲೆ ಟೇಪ್ ನೋಡಿದರೆ ಹತ್ತು ನಿಮಿಷ ಕುಣಿತ ತೆಗೆದೇ ಇಲ್ಲ. ಐಸ್‌ಕ್ರೀಂ ಕೌಂಟರ್ ಹತ್ತಿರ ನಿಂತಿದ್ದ ಒಬ್ಬ ಮುದುಕನನ್ನು ತೆಗೆದಿದ್ದ. ಆ ಅಜ್ಜ ಮೂರು ಸಲ ಸಾಲಲ್ಲಿ ನಿಂತರು. ಮೂರು ಸಲವೂ ಐಸ್‌ಕ್ರೀಂ ಈಸಿಕೊಂಡು, ಅತ್ತ ಇತ್ತ ನೋಡಿ, ಬೇಗ ಬೇಗ ತಿಂದು ಕಪ್ಪನ್ನು ಕುರ್ಚಿ ಕೆಳಗೆ ಇಟ್ಟರು. ಮೂರನೇ ಸಲ ಕ್ಯಾಮೆರಾ ಕಡೆ ನೋಡಿ ಬಾಯಿ ಮೇಲೆ ಬೆರಳಿಟ್ಟು "ಹೇಳ್ಬೇಡ" ಅಂದರು. ಹಿಂದಿನಿಂದ ನಮ್ಮ ಹುಡುಗನ ನಗು ಕೇಳುತ್ತದೆ, ಕ್ಯಾಮೆರಾ ಅಲುಗಾಡುತ್ತದೆ.

ಮೇಲೆ ಹೇಳಿದರಲ್ಲ, ಕ್ಯಾಮೆರಾ ಹಿಡಿದವನು ಯಾರು ಅಂತ ಗೊತ್ತಿರಬೇಕು ಅಂತ. ಆ ಹತ್ತು ನಿಮಿಷದಲ್ಲಿ ನನಗೆ ಆ ಹುಡುಗ ಯಾರು ಅಂತ ಗೊತ್ತಾಯಿತು.

ಎಡಿಟಿಂಗ್‌ಟೇಬಲ್:
ನಾನು ಅಷ್ಟುದ್ದ ಬರೆದು ಹೇಳಲು ಒದ್ದಾಡಿದ್ದನ್ನು ನೀವು ಒಂದು ಟೇಪಿನಲ್ಲಿ ತೋರಿಸಿದಿರಿ ಸರ್. ಮೂಲ ಪ್ರಶ್ನೆಗೆ ಉತ್ತರ ಇದೇ. ಈ ರೀತಿಯಲ್ಲಿ ಕಾಮಿಡಿ ಖಂಡಿತ ಆಗುತ್ತದೆ.

ಟೆಂಟ್‌ಸಿನಿಮಾ:
ಆ ಹುಡುಗ ಈಗ ಎಲ್ಲಿದ್ದಾನೆ?

ಮಂಗಳವಾದ್ಯ:
ಸ್ವಂತ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಮಕ್ಕಳ ಫೋಟೋ ಅವನಷ್ಟು ಚೆನ್ನಾಗಿ ತೆಗೆಯುವವರು ನಮ್ಮ ಕಡೆ ಇಲ್ಲ.

ಲೆಕ್ಕಪತ್ರ:
ಕನ್ನಡದಲ್ಲಿ ಇಂಥ ಒಂದು ರಾತ್ರಿಯ ಗಲಾಟೆ ಸಿನಿಮಾ ಬೇಕು ಅಂದರೆ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಇದೆಯಲ್ಲ. 2023ರದು, ನಿತಿನ್ ಕೃಷ್ಣಮೂರ್ತಿ.

ಮೂಲೆಸೀಟು:
ಅದು ಫೌಂಡ್ ಫೂಟೇಜ್ ಅಲ್ಲ.

ಲೆಕ್ಕಪತ್ರ:
ಅಲ್ಲ, ಆದರೆ ಕ್ಯಾಮೆರಾ ಹುಡುಗರ ಜೊತೆಗೇ ಓಡುತ್ತೆ. ಮುಖ್ಯವಾಗಿ ಅಲ್ಲಿ ಭಯ ಇದೆ. ವಾರ್ಡನ್ ಸತ್ತಿದ್ದಾರೆ, ಅವರು ಬರೆದಿಟ್ಟ ಚೀಟಿಯಲ್ಲಿ ಈ ಹುಡುಗರ ಹೆಸರಿದೆ, ಬೆಳಗಾಗುವುದರೊಳಗೆ ಏನಾದರೂ ಮಾಡಬೇಕು. ಗಲಾಟೆಗೆ ಒಂದು ಕಾರಣ ಇದೆ. ‘ಪ್ರಾಜೆಕ್ಟ್ ಎಕ್ಸ್’ನಲ್ಲಿ ಥಾಮಸ್ ಹೆದರುತ್ತಾನೆ, ಯಾರೋ ಬಂದು ಬೆನ್ನು ತಟ್ಟುತ್ತಾರೆ, ಹೆದರಿಕೆ ಹೋಯಿತು. ಗಳಿಕೆ ವಿಷಯದಲ್ಲಿ ನಾನು ಹೇಳಿದ್ದು ಸರಿ, ಆದರೆ ಇದರಲ್ಲಿ ನಿಮ್ಮ ಪಕ್ಷ.

ಬಯಲುಸೀಮೆ:
ನಮ್ಮಲ್ಲಿ ಪಾರ್ಟಿ ಅಂದರೆ ಮನುಷ್ಯನೂ ಹೌದು. ‘ಕಿರಿಕ್ ಪಾರ್ಟಿ’ ಅಂದಾಗ ಯಾರಿಗೂ ಹುಟ್ಟುಹಬ್ಬ ನೆನಪಾಗಲ್ಲ. ಮನೆ ತೋರಿಸೋ ಬ್ರೋಕರ್ ಕೂಡ "ಪಾರ್ಟಿ ಒಳ್ಳೆಯವರು" ಅಂತಾನೆ.

ರೀಲುಡಬ್ಬಿ:
ನ್ಯಾಯವಾಗಿ ಒಂದು ಒಳ್ಳೆಯ ದೃಶ್ಯವನ್ನೂ ಹೇಳಬೇಕು. ಸದ್ದು ಜಾಸ್ತಿ ಅಂತ ದೂರು ಹೋಗಿ ಪೊಲೀಸರು ಬರುತ್ತಾರೆ. ಅಷ್ಟೂ ಜನ ಕತ್ತಲಲ್ಲಿ ಅಡಗಿ ಉಸಿರು ಬಿಗಿ ಹಿಡಿದು ನಿಲ್ಲುತ್ತಾರೆ. ಬಾಗಿಲಲ್ಲಿ ಮಾತುಕತೆ ನಡೆಯುತ್ತಿರುತ್ತದೆ, ಪಾರ್ಟಿ ಮುಗಿದಿದೆ ಅಂತ ನಂಬಿ ಅವರು ವಾಪಸ್ ಹೋಗುತ್ತಾರೆ. ಅಲ್ಲಿ ಹಾಡಿಲ್ಲ. ನೂರಾರು ಜನ ಒಟ್ಟಿಗೆ ಸುಮ್ಮನಿರುವುದನ್ನು ತೋರಿಸುವುದು ಎಷ್ಟು ಚೆನ್ನಾಗಿದೆ. ಇಡೀ ಸಿನಿಮಾ ಹಾಗೆ ಇದ್ದಿದ್ದರೆ ನಾವೆಲ್ಲ ಇಲ್ಲಿ ಬೇರೆ ಮಾತಾಡುತ್ತಿದ್ದೆವು.

ಟೆಂಟ್‌ಸಿನಿಮಾ:
ಹೌದು, ನಾನು ಜೋರಾಗಿ ನಕ್ಕಿದ್ದು ಅದೊಂದೇ ಕಡೆ.

ಕಾಫಿತೋಟ:
ಮೂರು ದಿನ ಆದಮೇಲೆ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತು ಓದಿ ನಮ್ಮ ಹಳೇ ಗುಂಪಿಗೆ ಫೋನ್ ಮಾಡಿದೆ. ಹನ್ನೊಂದರಲ್ಲಿ ನಾಲ್ಕು ಜನ ಸಿಕ್ಕರು. ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಕೂತು ಮತ್ತೆ ಹಾಕಿದೆವು. ಪೊಲೀಸರ ದೃಶ್ಯಕ್ಕೆ ಈಗಲೂ ನಕ್ಕೆವು. ಈಜುಕೊಳದ ಹತ್ತಿರ ಬಂದಾಗ ಒಬ್ಬ ಮುಂದಕ್ಕೆ ಓಡಿಸು ಅಂದ, ಓಡಿಸಿದೆ. ಬೆಂಕಿ ಉಗುಳುವ ಯಂತ್ರ ಹಿಡಿದು ಒಬ್ಬ ಮನುಷ್ಯ ಬಂದು ಬೀದಿಗೆಲ್ಲ ಹಚ್ಚುವ ಹೊತ್ತಿಗೆ ಇಬ್ಬರು ಫೋನ್ ನೋಡುತ್ತಿದ್ದರು. ಅಪ್ಪನ ದೃಶ್ಯ ಬರುವ ಮುಂಚೆ ಒಳಗಿನ ರೂಮಿನಲ್ಲಿ ನನ್ನ ಮಗಳು ಎದ್ದು ಅತ್ತಳು. ಸದ್ದು ಕಡಿಮೆ ಮಾಡಲು ರಿಮೋಟ್ ಹುಡುಕಿದೆ, ಸಿಗಲಿಲ್ಲ, ಟೀವಿಯನ್ನೇ ಆರಿಸಿದೆ. ಮತ್ತೆ ಹಾಕು ಅಂತ ಯಾರೂ ಕೇಳಲಿಲ್ಲ. ಹಾಸ್ಟೆಲ್ ವಿಷಯ ಮಾತಾಡುತ್ತಾ ಮೂರು ಗಂಟೆ ಆಯಿತು. ಕಿಟಕಿ ಕಟ್ಟೆ ಮೇಲೆ ಕೂತಿದ್ದವನು ಈಗ ಮಸ್ಕತ್‌ನಲ್ಲಿ ಇದ್ದಾನೆ, ಅವನಿಗೆ ವಿಡಿಯೋ ಕಾಲ್ ಮಾಡಿದೆವು.